ಮೇಕೆ ಬನ್ನಿನಲ್ಲಿ ಪೀಸು ಹುಡುಕಿದವರು

ಓವನ್ನಿಗೆ ಪೈ ಇಟ್ಟು, ಬಾಗಿಲು ಮುಚ್ಚಿ, ಅರ್ಧ ಗಂಟೆ ಕಾಲು ಚಾಚಿ ಕೂತೆ ಎನ್ನುವ ಭಾಗ್ಯ ನನಗೆ ಈವರೆಗೂ ಸಿಕ್ಕಿಲ್ಲ. ಒಳಗೆ ಪೈ ಬೇಯಲು ಶುರುವಾಯಿತು ಎಂದರೆ ಹೊರಗೆ ಏನಾದರೊಂದು ನಡೆದೇ ತೀರುತ್ತದೆ. ಹೆಚ್ಚಿನವು ನನ್ನ ಮರ್ಯಾದೆ ಕಳೆಯುವಂಥವೇ. ಆದರೂ ನೆನೆಸಿಕೊಂಡರೆ ನಗು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಕಾರವಾರದಲ್ಲಿ. ಮದುವೆಯಾಗಿ ಬಂದದ್ದು ರಾಮನಗರಕ್ಕೆ; ನಮ್ಮವರು ರೇಷ್ಮೆ ಇಲಾಖೆಯಲ್ಲಿದ್ದರು. ಅವರ ವರ್ಗಾವಣೆಯ ಹಿಂದೆ ಪಾತ್ರೆಪಗಡೆ ಕಟ್ಟಿಕೊಂಡು ಚನ್ನಪಟ್ಟಣ, ಮಾಗಡಿ ಎಲ್ಲ ಸುತ್ತಿ, ನಿವೃತ್ತಿಯಾದ ಮೇಲೆ ಕನಕಪುರದಿಂದ ಕೋಡಿಹಳ್ಳಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಮನೆ ಕಟ್ಟಿಕೊಂಡೆವು. ಕಾರವಾರದ ನಮ್ಮ ಪಕ್ಕದ ಮನೆಯ ಕ್ರೈಸ್ತ ಹೆಂಗಸೊಬ್ಬರು ಕ್ರಿಸ್‌ಮಸ್ಸಿಗೆ ಒಂದು ಪೈ ಮಾಡುತ್ತಿದ್ದರು. ಮೈದಾ ಹಿಟ್ಟಿನ ಪುಟ್ಟ ಬಟ್ಟಲು, ಅದರೊಳಗೆ ಮನೆಯಲ್ಲೇ ಒಡೆಸಿದ ಮೇಕೆ ಹಾಲಿನ ಚೀಸು, ಮೇಲೆ ಜೇನುತುಪ್ಪ, ಒಂದು ಚಿಟಿಕೆ ಏಲಕ್ಕಿ. ಅರವತ್ತು ದಾಟಿದ ಮೇಲೆ, ಯಾಕೋ ಏನೋ, ಅದನ್ನು ತಿನ್ನಬೇಕೆಂಬ ಆಸೆ ಹುಟ್ಟಿತು. ಆ ಆಸೆಯಿಂದಲೇ ಇಷ್ಟೆಲ್ಲ ಆದದ್ದು.

ಕೆಮ್ಮು ಯಾರಿಗೆ?

ನಮ್ಮ ಮನೆಯ ಎದುರಿನ ಬಂಡೆಯ ಮೇಲೆ ಒಂಬತ್ತು ಮೇಕೆ ಮೇಯಿಸಿಕೊಂಡು ಒಬ್ಬ ಹೆಂಗಸು ದಿನಾ ಕೂರುತ್ತಿದ್ದಳು. ಮೂವತ್ತರ ಆಸುಪಾಸು. ಊರವರಂತೆ ನಾನೂ ಅವಳನ್ನು ಮೇಕೆಯಮ್ಮ ಎಂದೇ ಕರೆಯುತ್ತಿದ್ದೆ. ಒಂದು ದಿನ ಕೇಳಿದೆ:

"ಒಂದು ಚೊಂಬು ಮೇಕೆ ಹಾಲು ಕೊಡ್ತೀಯಾ?"

"ಯಾರ್ಗಮ್ಮಾ ಕೆಮ್ಮು?"

ಈ ಸೀಮೆಯಲ್ಲಿ ಮೇಕೆ ಹಾಲೆಂದರೆ ಔಷಧ. ನಾಯಿಕೆಮ್ಮು ಬಂದ ಮಗುವಿಗೆ ಒಂದು ಒಳಲೆ ಕುಡಿಸುತ್ತಾರೆ, ಉಳಿದದ್ದೆಲ್ಲ ಮೇಕೆಮರಿಯದು.

"ಯಾರಿಗೂ ಇಲ್ಲ. ಸಿಹಿ ಮಾಡೋದಕ್ಕೆ."

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. ದೊಡ್ಡ ಕಾಯಿಲೆ ಯಾವುದನ್ನೋ ಮುಚ್ಚಿಡುತ್ತಿದ್ದೇನೆ ಎಂದು ಅವಳಿಗೆ ಆಗಲೇ ಖಾತ್ರಿಯಾಗಿತ್ತು.

ಮರುದಿನ ನಮ್ಮವರು ಎಣ್ಣೆಸ್ನಾನ ಮಾಡಿ, ತಲೆಗೆ ಟವೆಲು ಸುತ್ತಿ, ಶಾಲು ಹೊದ್ದು ಜಗಲಿಯ ಮೇಲೆ ಕೂತಿದ್ದರು. ಎಣ್ಣೆಸ್ನಾನದ ದಿನ ಅವರ ಮುಖ ಸೋತುಹೋದ ಹಾಗೇ ಇರುತ್ತದೆ. ನಾಲ್ಕು ಜನ ಹೆಂಗಸರು ಎಳನೀರು, ಬ್ರೆಡ್ಡು ಹಿಡಿದು ಬಂದರು. ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು:

"ಎಷ್ಟ್ ದಿನ ಆಯ್ತು ಸಾಹೇಬ್ರೇ?"

ನಿವೃತ್ತಿಯ ವಿಷಯ ಕೇಳುತ್ತಿದ್ದಾರೆ ಅಂದುಕೊಂಡು ಇವರು, "ಬರೋ ತಿಂಗಳಿಗೆ ಎರಡು ವರ್ಷ ಆಗುತ್ತಮ್ಮ. ಇನ್ನೇನಿದ್ರೂ ಹೀಗೇ ಕೂತಿರೋದೇ" ಎಂದರು.

ಹೆಂಗಸರು ಕಣ್ಣೊರೆಸಿಕೊಂಡರು. ಎದ್ದು ಹೋಗುವಾಗ ಒಬ್ಬಳು ನನ್ನ ಕೈ ಹಿಡಿದು, "ಧೈರ್ಯವಾಗಿರಮ್ಮ, ಮೇಕೆ ಹಾಲು ಕೈ ಬುಡಲ್ಲ" ಎಂದಳು.

ಸಂಜೆ ಮೇಕೆಯಮ್ಮ ಹಾಲು ತಂದಾಗ ನಿಜ ಹೇಳಿದೆ. ಅವಳು ನಕ್ಕಳು. ನಕ್ಕು ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ತನ್ನ ವಿಷಯ ಹೇಳಿದಳು. ಆ ಮೇಕೆಗಳು ಅವಳ ಮಾವನವು. ಮಾವ ತೀರಿಕೊಂಡು ವರ್ಷ ಆಗಿರಲಿಲ್ಲ. ಮೇಕೆಗಳು ಅಕ್ಕಪಕ್ಕದವರ ಹಿಪ್ಪುನೇರಳೆ ಸೊಪ್ಪಿಗೆ ಬಾಯಿ ಹಾಕಿ ದಿನಕ್ಕೊಂದು ಜಗಳ ತರುತ್ತಿದ್ದವು. ಅತ್ತೆಗೆ ಸಾಕಾಗಿತ್ತು. "ಹಿರಿಯರ ಹಬ್ಬ ಕಳೀಲಿ, ಒಂಬತ್ನೂ ಯಾಪಾರದವನಿಗೆ ಹೊಡೀತೀನಿ" ಎಂದುಬಿಟ್ಟಿದ್ದರು. ಯಾಪಾರದವನು ಎಂದರೆ ಮಾಂಸದಂಗಡಿಯವನು.

"ನಿನಗೂ ಮೇಯಿಸೋ ಕಷ್ಟ ತಪ್ಪುತ್ತಲ್ಲ" ಎಂದೆ.

"ಆ ಮನೇಲಿ ನಾನು ಕರುದ್ರೆ ಬರೋವು ಅವೇ ಕಣಮ್ಮ" ಎಂದಳು.

ಹಾಲಿನಿಂದ ನಾಲ್ಕು ಕಾಸಿನ ದಾರಿಯಾದರೆ ಅತ್ತೆಯ ಮನಸ್ಸು ತಿರುಗಬಹುದು ಎಂದು ಅವಳ ಆಸೆ. ಅಂದಿನಿಂದ ಪೈ ನನ್ನ ನಾಲಿಗೆಯ ಚಪಲವಾಗಿ ಉಳಿಯಲಿಲ್ಲ, ಒಂಬತ್ತು ಮೇಕೆಗಳ ಪ್ರಾಣದ ಪ್ರಶ್ನೆಯಾಯಿತು.

ಅಷ್ಟರಲ್ಲಿ ಜಗಲಿಯಿಂದ ಕೆಮ್ಮು ಕೇಳಿಸಿತು. ತಂಪು ಹೊತ್ತಿನಲ್ಲಿ ಆ ಹೆಂಗಸರು ತಂದ ಎಳನೀರನ್ನೆಲ್ಲ ನಮ್ಮವರೊಬ್ಬರೇ ಕುಡಿದು ಮುಗಿಸಿದ್ದರು. ಮೇಕೆಯಮ್ಮ ಚೊಂಬನ್ನು ನನ್ನ ಕೈಗಿಟ್ಟು, "ನೋಡುದ್ರಾ? ನಾನು ಆಗ್ಲೇ ಯೋಳಿರ್ಲಿಲ್ವಾ?" ಎಂದಳು.

ಬೆವರಿದ ಮುಡಿಪು

ಚೀಸು ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಹಾಲು ಕಾಯಿಸಿ, ನಿಂಬೆರಸ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ನೀರು ಸೋರಿ ಗಟ್ಟಿಯಾಗುತ್ತದೆ. ಆ ದಿನ ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಹಿಂದಿನ ವಾರ ಅರಿಸಿನದ ಕೊಂಬು ಒಣಗಿಸಿದ್ದೆ. ಎಷ್ಟು ಒಗೆದರೂ ಹಳದಿ ಬಿಟ್ಟಿರಲಿಲ್ಲ. ಗಂಟು ಕಟ್ಟಿ, ದೇವರ ಕೋಣೆಯ ಬಾಗಿಲ ಪಕ್ಕದ ಕೊಕ್ಕೆಗೆ ನೇತುಹಾಕಿ, ಕೆಳಗೊಂದು ಹಿತ್ತಾಳೆಯ ಪಾತ್ರೆ ಇಟ್ಟು ಅಡುಗೆಮನೆಗೆ ಹೋದೆ.

ಸೊಸೆ ಕೊಟ್ಟ ಹಾಲು ಏನಾಗುತ್ತಿದೆ ಎಂದು ನೋಡಲು ಮೇಕೆಯಮ್ಮನ ಅತ್ತೆ ಅವತ್ತೇ ಬಂದರು. ಈ ಕಡೆಯ ಮನೆಗಳಲ್ಲಿ ಅರಿಸಿನ ಬಟ್ಟೆಯ ಗಂಟು ದೇವರ ಹತ್ತಿರ ತೂಗುತ್ತಿದ್ದರೆ ಅದು ತಿರುಪತಿ ತಿಮ್ಮಪ್ಪನ ಮುಡಿಪು. ಹರಕೆ ಹೊತ್ತವರು ಕಟ್ಟಿಟ್ಟದ್ದು. ಅದರಲ್ಲಿ ಎರಡನೇ ಮಾತಿಲ್ಲ. ಅವರು ಸೆರಗು ಹೊದ್ದು ಕೈ ಮುಗಿದರು. ಅದೇ ಗಳಿಗೆಗೆ ಗಂಟಿನಿಂದ ಒಂದು ಹನಿ ತೊಟಕ್ಕೆಂದಿತು.

"ನಮ್ಮಪ್ಪಾ ತಿಮ್ಮಪ್ಪಾ! ಮುಡುಪು ಬೆವರ್ತಾ ಐತೆ!"

ನಾನು ಒಳಗೆ ಹಿಟ್ಟು ಕಲಸುತ್ತಿದ್ದೆ. ಟಿ.ವಿ.ಯ ಸದ್ದೇನೋ ಅಂದುಕೊಂಡೆ. ಕೈ ತೊಳೆದು ಬರುವ ಹೊತ್ತಿಗೆ ಹಜಾರದಲ್ಲಿ ಏಳು ಜನ. ಗಂಟಿಗೆ ಕನಕಾಂಬರ ಮುಡಿಸಿಯಾಗಿತ್ತು. ಯಾರೋ ಕರ್ಪೂರ ಹುಡುಕುತ್ತಿದ್ದರು. ಅತ್ತೆ ಪಾತ್ರೆಯಿಂದ ಬೊಗಸೆಯಲ್ಲಿ ನೀರು ತೆಗೆದು ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು. ಹಿಂದೆಯೇ ಉಳಿದವರು ಸಾಲುಗಟ್ಟಿದರು. ಕುಡಿದವರ ಮುಖವೆಲ್ಲ ಹುಳಿಗೆ ಕಿವುಚಿಕೊಳ್ಳುತ್ತಿತ್ತು, ಆದರೂ ಭಕ್ತಿ ಇಳಿಯಲಿಲ್ಲ.

ಅತ್ತೆ ನನ್ನತ್ತ ತಿರುಗಿ, "ತೀರ್ಥ ಒಸಿ ಹುಳಿ ಐತಲ್ಲಮ್ಮ?" ಎಂದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅದು ಮೇಕೆ ಹಾಲಿನ ನೀರು, ಅಮ್ಮ."

"ಯಾರ್ ಮನೆ ಮೇಕೆ?"

"ನಿಮ್ಮದೇ."

ಏಳು ಜನರ ಎದುರು ಅವರು ಒಂದು ಕ್ಷಣ ಯೋಚಿಸಿದರು. ಆಮೇಲೆ ಗಟ್ಟಿಯಾಗಿ, "ಅದುಕ್ಕೇ ಮಂಡಿನೋವು ಒಸಿ ಹಗುರಾದಂಗಾಯ್ತು" ಎಂದು, ಗಂಟಿನ ಮೇಲಿನ ಹೂವನ್ನು ತೆಗೆದು ತಾವೇ ಮುಡಿದುಕೊಂಡು ಹೊರಟರು. ಮೆಟ್ಟಿಲಿಳಿಯುತ್ತಾ, "ಆದ್ರೂ ಹಬ್ಬ ಕಳುದ್ಮೇಲೆ ಮೇಕೆ ಮಾರೋದೇ ಸೈ" ಎನ್ನುವುದನ್ನು ಮರೆಯಲಿಲ್ಲ.

ನಮ್ಮವರು ಇಷ್ಟು ಹೊತ್ತೂ ಮೂಲೆಯಲ್ಲಿ ಸುಮ್ಮನೆ ಪೇಪರು ಓದುತ್ತಿದ್ದರು. "ನೀವಾದರೂ ಹೇಳಬಾರದಿತ್ತೇ?" ಎಂದು ರೇಗಿದೆ.

"ಹೇಳೋ ಧೈರ್ಯ ಎಲ್ಲಿತ್ತು? ನೀನು ಇನ್ನರ್ಧ ಗಂಟೆ ಬರದೇ ಇದ್ದಿದ್ದರೆ ನನ್ನ ತಲೆ ಬೋಳಿಸೋರು" ಎಂದರು.

ಮೊಟ್ಟೆ ಮೂಲೆ

ನನ್ನ ಚಿಕ್ಕ ಕರೆಂಟು ಓವನ್ನು ಹಳ್ಳಿಯ ವೋಲ್ಟೇಜಿಗೆ ಹೆದರಿ ಒಂದು ದಿನ ಪ್ರಾಣ ಬಿಟ್ಟಿತು. ಪೈ ನಿಂತರೆ ಮೇಕೆಯಮ್ಮನ ಆಸೆ ನಿಲ್ಲುತ್ತದೆ. ಹಸಿ ಪೈಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕನಕಪುರದ ಒಂದು ಬೇಕರಿಗೆ ಹೋದೆ. ಅಲ್ಲಿ ಸೌದೆಯ ದೊಡ್ಡ ಭಟ್ಟಿ ಇತ್ತು. ಮಾಲೀಕರು ಹಣೆ ತುಂಬ ವಿಭೂತಿ ಹಚ್ಚಿದ, ಬಹಳ ಆಚಾರದ ಮನುಷ್ಯ.

"ಇದರೊಳಗೆ ಏನಿದೆಯಮ್ಮ?"

"ಮೇಕೆ..." ಎಂದೆ. ಹಾಲು ಎನ್ನುವಷ್ಟರಲ್ಲಿ ಅವರು ಎರಡು ಹೆಜ್ಜೆ ಹಿಂದೆ ಹೋಗಿದ್ದರು.

"ನಮ್ಮ ಭಟ್ಟಿಗೆ ಅದೆಲ್ಲ ಇಡೋಲ್ಲಮ್ಮ. ಇದು ಶುದ್ಧ ಸಸ್ಯಾಹಾರ."

"ಬರೀ ಹಾಲಿನದು ಸ್ವಾಮಿ. ಅದಿರಲಿ, ನೀವು ಎಗ್ ಪಫ್ಸ್ ಬೇಯಿಸ್ತೀರಲ್ಲ?"

"ಅದು ಬೇರೆ ಮೂಲೆ" ಎಂದರು ಗಂಭೀರವಾಗಿ.

ಎಂಟು ಅಡಿಯ ಆ ಭಟ್ಟಿಯಲ್ಲಿ, ಒಂದೇ ಬೆಂಕಿಯ ಮುಂದೆ, ಎಡಗಡೆ ಮೂಲೆ ಮೊಟ್ಟೆಯದಂತೆ. ಮಿಕ್ಕದ್ದೆಲ್ಲ ಮಡಿ. ಬಿಸಿ ಮಾತ್ರ ಗಡಿ ದಾಟಬಹುದು. ಬಹಳ ಹೊತ್ತು ವಿಚಾರ ಮಾಡಿ ನನ್ನ ಪೈಗೂ ಮೊಟ್ಟೆ ಮೂಲೆಯಲ್ಲೇ ಜಾಗ ಕೊಟ್ಟರು. ಬೆಂದ ಮೇಲೆ ಅರ್ಧವನ್ನು ಗಾಜಿನ ಪೆಟ್ಟಿಗೆಯಲ್ಲಿ ಮಾರಾಟಕ್ಕೂ ಇಟ್ಟುಕೊಂಡರು. ಅಲ್ಲಿಂದ ಇನ್ನೊಂದು ತೊಂದರೆ. ಸಸ್ಯಾಹಾರದವರು ಮೇಕೆ ಎಂಬ ಹೆಸರು ಕೇಳಿದ ಕೂಡಲೇ ಬ್ರೆಡ್ಡು ಹಿಡಿದುಕೊಂಡು ಓಡುತ್ತಿದ್ದರು. ಮಾಂಸ ತಿನ್ನುವವರು ಆಸೆಯಿಂದ ಬರುತ್ತಿದ್ದರು, ಬಂದು ಮುಖ ಸಣ್ಣ ಮಾಡುತ್ತಿದ್ದರು.

ಒಂದು ದಿನ ನಾನು ತಟ್ಟೆ ವಾಪಸು ತರಲು ಹೋಗಿದ್ದಾಗ ಸಂತೆಗೆ ಬಂದ ಒಬ್ಬ ರೈತ ಎದುರಿಗೇ ಕೇಳಿದ:

"ಮೇಕೆ ಬನ್ನು ಅಂತೀರಲ್ಲ, ಒಂದ್ ಕೊಡಿ."

ಅವನು ಪೈಯನ್ನು ಮುರಿದು ನೋಡಿದ. ಬೆರಳಿನಿಂದ ಕೆದಕಿದ. ತಿಂದ. "ಪೀಸೇ ಇಲ್ವಲ್ಲಾ ಸ್ವಾಮಿ!"

"ಪೀಸು ಇರಲ್ಲಪ್ಪ ಅದರಲ್ಲಿ" ಎಂದರು ಮಾಲೀಕರು.

"ನಿಮ್ಗೇನ್ ಗೊತ್ತು, ನೀವು ತಿನ್ನೋರಲ್ಲ. ಇನ್ನೊಂದ್ ಕೊಡಿ, ನೋಡವಾ." ಎರಡನೆಯದನ್ನೂ ಮುರಿದ, ಹುಡುಕಿದ, ತಿಂದ. ಮೂರನೆಯದೂ ಹಾಗೇ ಆಯಿತು. ನಾಲ್ಕನೆಯದನ್ನು ಹುಡುಕುವುದಕ್ಕೂ ಹೋಗದೆ ನೇರ ಬಾಯಿಗೆ ಹಾಕಿಕೊಂಡು, ಮೀಸೆಗಂಟಿದ ಜೇನನ್ನು ನೆಕ್ಕಿ, ಕೈ ಒರೆಸಿಕೊಂಡ.

"ಇವತ್ತಂತೂ ಇಲ್ಲ. ಮುಂದಿನ್ ಸಂತೆಗೆ ಬತ್ತೀನಿ, ಇನ್ನೊಂದ್ ನಾಕು ತೆಗೆದ್ ಮಡಗಿರಿ. ಎಲ್ಲೋಗ್ತದೆ, ಸಿಕ್ಕೇ ಸಿಗ್ತದೆ."

ಚನ್ನಪಟ್ಟಣದ ಲಟ್ಟಣಿಗೆ

ಹಿಟ್ಟು ಒಂದೇ ಸಮ ಲಟ್ಟಿಸಲು ನನಗೆ ದಪ್ಪನೆಯ ಲಟ್ಟಣಿಗೆ ಬೇಕಿತ್ತು. ಚನ್ನಪಟ್ಟಣದಲ್ಲಿ ಹಳೆಯ ಪರಿಚಯದ ಗೊಂಬೆ ಕೆಲಸದವರೊಬ್ಬರಿದ್ದರು. ಐವತ್ತು ವರ್ಷದಿಂದ ಮಕ್ಕಳ ಆಟದ ಸಾಮಾನು ಬಿಟ್ಟು ಬೇರೇನೂ ಕಡೆದವರಲ್ಲ. ಹೇಳಿ ಬಂದೆ. ಹದಿನೈದು ದಿನ ಬಿಟ್ಟು ಹೋದರೆ ಲಟ್ಟಣಿಗೆ ತಯಾರಾಗಿತ್ತು. ಕೆಂಪು, ಹಳದಿ, ಹಸಿರು ಅರಗಿನ ಪಟ್ಟೆ. ಕೈಗೆತ್ತಿಕೊಂಡೆ, ಗಲಗಲ ಎಂದಿತು.

"ಒಳಗೇನಿದೆ?"

"ಸಣ್ಣ ಕಲ್ಲು ಹಾಕಿದೀನಮ್ಮ. ಸುಮ್ನೆ ಮರ ಇದ್ರೆ ಸೆಂದಾಗಿರಲ್ಲ."

ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಬೆಳಗ್ಗೆ ಎದ್ದು ಹಿಟ್ಟು ಲಟ್ಟಿಸಿದರೆ ಗಿಲಕಿಯ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ನಾಲ್ಕನೇ ದಿನ ಎದುರು ಮನೆಯಾಕೆ ಬಾಗಿಲಲ್ಲಿ ನಿಂತು, ಒಳಗೆ ಇಣುಕಿ, ನನ್ನನ್ನೂ ನಮ್ಮವರನ್ನೂ ಒಂದು ಥರಾ ನೋಡಿ, ತಗ್ಗಿದ ದನಿಯಲ್ಲಿ ಕೇಳಿದಳು:

"ಗಂಡೋ, ಹೆಣ್ಣೋ?"

ರಾಮನಗರದ ಕಿವಿ

ನಮ್ಮವರ ಸ್ನೇಹಿತರೊಬ್ಬರು ರಾಮನಗರದ ಗೂಡು ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ರೇಷ್ಮೆಗೂಡಿನ ಗುಣ ನೋಡಿದವರು. ಗೂಡನ್ನು ಕೈಗೆತ್ತಿಕೊಂಡು, ಒತ್ತಿ, ಕಿವಿಯ ಹತ್ತಿರ ಅಲುಗಿಸಿ ಹೇಳಿಬಿಡುತ್ತಿದ್ದರು. ಒಳಗಿನ ಹುಳ ಕಟಕಟ ಎಂದರೆ ಒಳ್ಳೆಯ ಗೂಡು. ಸದ್ದಿಲ್ಲದಿದ್ದರೆ ಹುಳ ಸತ್ತು ಅಂಟಿಕೊಂಡಿದೆ ಎಂದರ್ಥ. ನಿವೃತ್ತಿಯಾದ ಮೇಲೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಸೀಬೆಹಣ್ಣು, ಸೋಪು, ಬೆಂಕಿಪೊಟ್ಟಣ, ಕೈಗೆ ಸಿಕ್ಕಿದ್ದೆಲ್ಲ ಕಿವಿಗೆ ಹೋಗುತ್ತಿತ್ತು.

ಅಷ್ಟು ಹೊತ್ತಿಗೆ ನನ್ನ ಪೈಯ ಸುದ್ದಿ ಬೆಂಗಳೂರಿನವರೆಗೂ ಹೋಗಿತ್ತು. ಒಂದು ಭಾನುವಾರ ಕಾರಿನಲ್ಲಿ ಒಬ್ಬ ಹೆಂಗಸು ಬಂದರು. ಮಗಳ ಹುಟ್ಟುಹಬ್ಬಕ್ಕೆ ನೂರು ಪೈ ಬೇಕಂತೆ, ಮೊದಲು ರುಚಿ ನೋಡಬೇಕಂತೆ. ಮೇಕೆಯಮ್ಮ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ನೂರು ಪೈ ಎಂದರೆ ಅತ್ತೆಯ ಮುಂದೆ ಹೇಳಿಕೊಳ್ಳುವಂಥ ಮಾತು.

ಬೇಕರಿಯಲ್ಲಿ ಬೇಯಿಸಿ ತಂದ ಪೈಗಳನ್ನು ರೇಷ್ಮೆಹುಳದ ಹಳೆಯ ಬಿದಿರು ತಟ್ಟೆಯಲ್ಲಿ ಹರವಿದ್ದೆ. ಆಕೆ ಒಂದನ್ನು ತೆಗೆದು ಬಾಯಿಯ ಹತ್ತಿರ ತಂದರು. ಅದೇ ಹೊತ್ತಿಗೆ, ಅವತ್ತು ನಮ್ಮ ಮನೆಗೆ ಬಂದಿದ್ದ ಈ ಸ್ನೇಹಿತರೂ ಒಂದನ್ನು ತೆಗೆದು, ಒತ್ತಿ, ಕಿವಿಯ ಬಳಿ ಅಲುಗಿಸಿ, ತಲೆಯಾಡಿಸಿದರು.

"ಸದ್ದೇ ಇಲ್ಲ. ಒಳಗೆ ಹುಳ ಸತ್ತು ಅಂಟ್ಕೊಂಡಿದೆ."

ಆಕೆಯ ಕೈಯಿಂದ ಪೈ ಕೆಳಗೆ ಬಿತ್ತು. ಅದಾದ ಮೇಲೆ ರೇಷ್ಮೆ, ಮಾರ್ಕೆಟ್ಟು, ಮೂವತ್ತು ವರ್ಷದ ಅಭ್ಯಾಸ ಎಲ್ಲ ವಿವರಿಸಲು ನನಗೆ ಒಂದು ಗಂಟೆ ಹಿಡಿಯಿತು. ಪುಣ್ಯಕ್ಕೆ ಆಕೆ ನಗುವ ಸ್ವಭಾವದವರು. ನೂರು ಪೈ ಹೇಳಿ ಹೋದರು. ಕಾರು ಹತ್ತುವ ಮುಂಚೆ ಮಾತ್ರ ಯಾರಿಗೂ ಕಾಣದ ಹಾಗೆ ಒಂದು ಪೈಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದ್ದನ್ನು ನಾನು ನೋಡಿದೆ.

ಕುದೂರಿನ ಪರೀಕ್ಷೆ

ನೂರು ಪೈಗೆ ಜೇನು ಸಾಲದೆ ಬಂತು. ಮಾಗಡಿಯ ಆಚೆ ಕುದೂರಿನಲ್ಲಿ ಒಬ್ಬರು ಒಳ್ಳೆಯ ಜೇನು ಮಾರುತ್ತಾರೆಂದು ಕೇಳಿ, ಮೇಕೆಯಮ್ಮನೂ ನಾನೂ ಬಸ್ಸು ಹತ್ತಿ ಹೋದೆವು. ಬಸ್ ಸ್ಟ್ಯಾಂಡಿನಲ್ಲೇ ಜೇನಿನವರು ಸಿಕ್ಕಿದರು. ಐದು ಬಾಟಲಿ ಬೇಕೆಂದೆ.

ನಾನು ಕೇಳಿದ್ದು ಅಷ್ಟೇ. ಆದರೆ ಬಸ್ಸಿಗೆ ಕಾಯುತ್ತಿದ್ದವರೊಬ್ಬರು, "ಹಂಗೇ ತಕಬ್ಯಾಡಿ ಕಣಮ್ಮ, ಪರೀಕ್ಸೆ ಮಾಡಿ" ಎಂದರು. ಜೇನಿನ ಪರೀಕ್ಷೆ ಗೊತ್ತಿಲ್ಲದವರು ಈ ಸೀಮೆಯಲ್ಲಿ ಒಬ್ಬರೂ ಇಲ್ಲ; ಇಬ್ಬರ ಪರೀಕ್ಷೆ ಒಂದೇ ಆಗಿರುವುದೂ ಇಲ್ಲ. ಒಬ್ಬರು ಬೆಂಕಿಕಡ್ಡಿಯನ್ನು ಜೇನಿಗೆ ಅದ್ದಿ ಗೀರಿದರು. ಇನ್ನೊಬ್ಬರು ಲೋಟದ ನೀರಿಗೆ ಬಿಟ್ಟು ಬಗ್ಗಿ ನೋಡಿದರು. ಟೀ ಅಂಗಡಿಯವರು ಹೆಬ್ಬೆರಳ ಉಗುರಿನ ಮೇಲೆ ಹಾಕಿ ಹರಿಯುತ್ತದೋ ನಿಲ್ಲುತ್ತದೋ ಎಂದು ಕಾದರು. ಕಂಡಕ್ಟರು ಬಸ್ಸು ನಿಲ್ಲಿಸಿ ಇಳಿದು ಬಂದು ಪೇಪರಿನ ಮೇಲೆ ಸುರಿದರು. ಎಲ್ಲದರಲ್ಲೂ ಜೇನು ಪಾಸಾಯಿತು, ಮೊದಲನೇ ಬಾಟಲಿ ಮಾತ್ರ ಅರ್ಧವಾಯಿತು.

ಕೊನೆಗೆ ಒಬ್ಬ ಮುದುಕರು, "ಇವೆಲ್ಲ ಬುಡ್ರಪ್ಪ. ಅಸಲಿ ಜೇನ ನಾಯಿ ಮೂಸಲ್ಲ. ನಾಯಿ ಕರೀರಿ" ಎಂದರು.

ನಾಯಿ ಬಂತು. ಮೂಸಿತು. ನೆಕ್ಕಿತು. ನೆಲದಲ್ಲಿ ಬಿದ್ದದ್ದನ್ನೆಲ್ಲ ನೆಕ್ಕಿ ಬಾಲ ಅಲ್ಲಾಡಿಸಿ, ಇನ್ನಷ್ಟು ಹಾಕಿ ಎಂಬಂತೆ ಕೂತಿತು. ಜನರೆಲ್ಲ ಜೇನಿನವರ ಕಡೆ ತಿರುಗಿದರು.

ಅವರು ಒಂದಿಷ್ಟೂ ಅಳುಕಲಿಲ್ಲ. "ಇದು ಕುದೂರು ನಾಯಿ ಅಲ್ಲ ಕಣ್ರೀ. ಮೊನ್ನೆ ಬೆಂಗ್ಳೂರು ಬಸ್ಸಿಂದ ಇಳುದಿದ್ದು. ಅದ್ಕೇನ್ ಗೊತ್ತು ಜೇನ್ ಅಂದ್ರೆ? ನಮ್ ಊರ್ ನಾಯಿ ಕರ್ಕ ಬನ್ನಿ, ಆಮೇಲೆ ಮಾತಾಡಿ!"

ಊರ ನಾಯಿಯನ್ನು ಹುಡುಕಲು ಇಬ್ಬರು ನಿಜವಾಗಿಯೂ ಹೊರಟರು. ಅವರು ಬರುವುದರೊಳಗೆ, ಉಳಿದ ಬಾಟಲಿಗಳಾದರೂ ಉಳಿಯಲಿ ಎಂದು ನಾವು ಬಸ್ಸು ಹತ್ತಿಬಿಟ್ಟೆವು.

ಮುಚ್ಚಿದ ಬಾಗಿಲು

ನೂರು ಪೈ ಬೆಂಗಳೂರಿಗೆ ಹೋದವು, ಒಳ್ಳೆಯ ಹೆಸರೂ ಬಂತು. ಮೇಕೆಯಮ್ಮನ ಅತ್ತೆ ಮಾತ್ರ ಜಗ್ಗಲಿಲ್ಲ. "ಮೇಕೆ ನಿಂದಲ್ಲ, ನಂದೂ ಅಲ್ಲ, ನಿಮ್ಮಾವಂದು. ಆ ಮನುಸ ಬದುಕಿರೋಗಂಟ ಮೇಕೆ ಹಾಲು ಮಾರ್ದೋರಲ್ಲ" ಎನ್ನುತ್ತಿದ್ದರು. ಹಾಗೆನ್ನುತ್ತ ಎನ್ನುತ್ತ ಹಿರಿಯರ ಹಬ್ಬ ಬಂದೇಬಿಟ್ಟಿತು.

ಇಲ್ಲಿನ ಪದ್ಧತಿ ನಮ್ಮ ಕಾರವಾರದ ಕಡೆಯದಲ್ಲ. ತೀರಿಕೊಂಡವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ, ಬಾಳೆಲೆಯ ಮೇಲೆ ಎಡೆ ಇಡುತ್ತಾರೆ. ಹೊಸ ಪಂಚೆ, ಎಲೆಯಡಿಕೆ, ಬೀಡಿ, ಕುಡಿಯುವವರಾಗಿದ್ದರೆ ಒಂದು ಬಾಟಲಿ. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಸ್ವಲ್ಪ ಹೊತ್ತು ಕಾದು, ಬಾಗಿಲು ತಟ್ಟಿ, ಆಮೇಲೆ ತೆಗೆಯುತ್ತಾರೆ.

ಆ ಸಂಜೆ ನನ್ನನ್ನೂ ಕರೆದಿದ್ದರು. ನಾಲ್ಕು ಪೈ ತೆಗೆದುಕೊಂಡು ಹೋಗಿದ್ದೆ. ಎಡೆಯ ಮೇಲೆ ಮುದ್ದೆ, ಮಾಂಸದ ಸಾರು, ಕಜ್ಜಾಯ ಎಲ್ಲ ಆಗಿತ್ತು. ಮೇಕೆಯಮ್ಮ ಪೈಗಳನ್ನು ಎತ್ತಿಕೊಂಡು, "ಅತ್ತೆ, ಇದ್ನೂ ಮಾವಂಗೆ ಮಡಗ್ಲಾ?" ಎಂದಳು.

ಅತ್ತೆ ಸೊಸೆಯನ್ನೂ ಪೈಯನ್ನೂ ನೋಡಿದರು. "ಮಡಗು. ಅವ್ರು ಮುಟ್ಟುದ್ರೆ ಮೇಕೆ ಮನೇಲೇ ಇರ್ಲಿ. ಮುಟ್ನಿಲ್ಲ ಅಂದ್ರೆ ನಾಳೀಕೆ ಯಾಪಾರದವನು ಬತ್ತಾನೆ. ಆಮೇಲೆ ನನ್ ಮುಂದೆ ಅಳ್ಕೂಡ್ದು."

ಧೂಪ ಹಾಕಿದರು. ಎಲ್ಲರೂ ಅಂಗಳಕ್ಕೆ ಬಂದೆವು. ಕೊನೆಗೆ ಬಂದವರು ಅತ್ತೆ. ಒಳಗೆಲ್ಲ ಒಮ್ಮೆ ನೋಡಿಬಂದು ಅವರೇ ಬಾಗಿಲು ಎಳೆದುಕೊಂಡರು. ಮೇಕೆಯಮ್ಮ ನನ್ನ ಪಕ್ಕ ಕೂತು ಪಿಸುಗುಟ್ಟಿದಳು: "ಸತ್ತೋರು ಯಂಗಮ್ಮ ಮುಟ್ಟಾರು? ನನ್ ಮೇಕೆ ಹೋದ್ವು." ನಾನು ಅವಳ ಕೈ ಹಿಡಿದುಕೊಂಡೆ.

ಐದು ನಿಮಿಷ ಆಗಿರಬಹುದು. ಒಳಗೆ ಢಣ್ ಎಂದು ಒಂದು ಲೋಟ ಉರುಳಿತು.

ಆಮೇಲೆ ಒಳಗಿನಿಂದ ಒಂದು ಕೆಮ್ಮು. ಗಟ್ಟಿಯಾದ, ಒಣ ಕೆಮ್ಮು. ಮತ್ತೊಂದು.

ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. "ಅವ್ರೇ! ಅದೇ ಬೀಡಿ ಕೆಮ್ಮು!"

ಮೇಕೆಯಮ್ಮನ ಗಂಡ ಬಾಗಿಲ ಕಡೆ ನುಗ್ಗಿದ. "ಕೂತ್ಕಳ್ಲಾ! ಉಣ್ಣೋರ್ನ ಎಬ್ಬುಸ್ತೀಯಾ?" ಎಂದು ತಾಯಿ ಗದರಿದರು. ಇನ್ನೂ ಐದು ನಿಮಿಷ ಕಾಯಿಸಿ, ಬಾಗಿಲನ್ನು ಮೂರು ಸಲ ತಟ್ಟಿ, ನಿಧಾನವಾಗಿ ತೆಗೆದರು.

ಮುದ್ದೆ ಇಟ್ಟ ಹಾಗೇ ಇತ್ತು. ಸಾರು ಇಟ್ಟ ಹಾಗೇ ಇತ್ತು. ಬಾಟಲಿ ನೆಟ್ಟಗೆ ನಿಂತಿತ್ತು. ನಾಲ್ಕು ಪೈ ಇರಲಿಲ್ಲ. ಪೈ ಇಟ್ಟ ಕಡೆಯ ಬಾಳೆಲೆಯೂ ಇರಲಿಲ್ಲ. ವೀಳ್ಯದೆಲೆ ಮಾಯವಾಗಿತ್ತು. ಫೋಟೋದ ಹಾರ ಅರ್ಧ ಖಾಲಿಯಾಗಿತ್ತು. ಹೊಸ ಪಂಚೆಯ ಒಂದು ತುದಿ ಒದ್ದೆಯಾಗಿ ಮುದುರಿತ್ತು. ಮತ್ತು ಎಡೆಯ ಮುಂದೆ, ಸಾರಿಸಿ ರಂಗೋಲಿ ಬಿಟ್ಟ ನೆಲದ ಮೇಲೆ, ದುಂಡಗೆ, ಕಪ್ಪಗೆ, ಒಂದು ಹಿಡಿಯಷ್ಟು ಹಿಕ್ಕೆ.

ಎಲ್ಲರೂ ಅದನ್ನೇ ನೋಡಿದೆವು.

ಮಗ ತಡೆಯಲಾರದೆ, "ಅವ್ವಾ, ಇದು ಮೇಕೆ..." ಎಂದ.

"ಮುಚ್ಲಾ ಬಾಯ!" ಎಂದರು ಅತ್ತೆ. "ನಿಮ್ಮಪ್ಪಂಗೆ ಮೇಕೆ ಅಂದ್ರೆ ಪ್ರಾಣ. ಬರೋವಾಗ ಜೊತೇಗೆ ಒಂದ್ನ ಕರ್ಕ ಬಂದವ್ರೆ. ಅದ್ರಲ್ಲೇನ್ಲಾ ತಪ್ಪು?" ಎಂದು ಸರಸರನೆ ಪೊರಕೆ ತಂದು ನೆಲ ಗುಡಿಸಿದರು. ಗುಡಿಸಿ, ನೆಟ್ಟಗೆ ನಿಂತು, ಸೊಸೆಗೆ ಹೇಳಿದರು: "ಮುಟ್ಟವ್ರೆ. ಎಲೆ ಸಮೇತ ಮುಟ್ಟವ್ರೆ. ಮೇಕೆ ಮನೇಲೇ ಇರ್ಲಿ. ನಾಳೀಕಿಂದ ಮುಳ್ಳು ಹೊಡ್ದು ಬೇಲಿ ಹಾಕು, ಹಿಪ್ಪುನೇರಳೆಗೆ ಬುಡಬ್ಯಾಡ."

ಮೇಕೆಯಮ್ಮ ನಗುತ್ತಿದ್ದಳೋ ಅಳುತ್ತಿದ್ದಳೋ, ಸೆರಗು ಬಾಯಿಗೆ ತುರುಕಿಕೊಂಡು ಕೊಟ್ಟಿಗೆಯ ಕಡೆ ಓಡಿದಳು.

ಎಲ್ಲರೂ ಊಟಕ್ಕೆ ಕೂತಾಗ ಅತ್ತೆ ನನ್ನ ಪಕ್ಕದಲ್ಲೇ ಕೂತರು. ನನಗೊಂದು ಅನುಮಾನ ಕೊರೆಯುತ್ತಿತ್ತು. ಮೆಲ್ಲಗೆ ಕೇಳಿದೆ: "ಅಮ್ಮ, ನೀವು ಬಾಗಿಲು ಮುಚ್ಚಿ ಬಂದಾಗ ಹಿತ್ತಲ ಬಾಗಿಲು ತೆರೆದೇ ಇತ್ತಾ?"

ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. "ಊ ಕಣಮ್ಮ, ನಾನೇ ತೆಗ್ದು ಬಂದಿದ್ದು."

"ಯಾಕೆ?"

"ನಲವತ್ ವರ್ಸ ಸಂಸಾರ ಮಾಡಿವ್ನಿ" ಎಂದರು. "ಒಂದ್ ದಿನಾನಾದ್ರೂ ಕುಡ್ದು ಮುಂದ್ಗಡೆ ಬಾಗ್ಲಲ್ಲಿ ಬಂದ ಮನುಸ ಅಲ್ಲ. ಬಾಟ್ಲಿ ಮಡಗಿ ಕರುದ್ರೆ ಇವತ್ತೊಂದ್ ದಿನ ಮುಂದ್ಗಡೆ ಬಂದಾರಾ?"